ಹಳೆ ಚರ್ಮದ ಬ್ಯಾಗಿಗೆ ಬಣ್ಣ ಹಚ್ಚುವ ಮುಂಚೆ: ಕಾಣುವ ಲಕ್ಷಣ, ಅದರ ಅರ್ಥ, ಮನೆಯಲ್ಲೇ ಮಾಡಬಹುದಾದ ಕೆಲಸ

ಸಾಗರದ ಮನೆಯಲ್ಲಿ ಅಟ್ಟದ ಮೇಲಿನ ಟ್ರಂಕಿನಿಂದ ಅಮ್ಮನ ಹಳೆ ಬ್ಯಾಗು ತೆಗೆದಾಗ ಅದರ ಮೈತುಂಬ ಬಿಳಿ ಪುಡಿ ಇತ್ತು. ಬಕಲ್ ಸುತ್ತ ಹಸಿರು ಕಿಲುಬು. ಹಿಡಿಕೆ ಎಣ್ಣೆ ಕುಡಿದು ಕಪ್ಪಾಗಿತ್ತು. ಅಮ್ಮ ಕೆಲಸಕ್ಕೆ ಸೇರಿದ ಹೊಸದರಲ್ಲಿ, 1984ರಲ್ಲಿ ಕೊಂಡ ಬ್ಯಾಗು ಅದು. ನೋಡಿದವರೆಲ್ಲ "ಕಪ್ಪು ಬಣ್ಣ ಹೊಡೆಸಿಬಿಡು, ಹೊಸದಾಗುತ್ತೆ" ಅಂದರು. ನಾನು ಹೊಡೆಸಲಿಲ್ಲ. ಮೂರು ವಾರ ಸ್ವಲ್ಪ ಸ್ವಲ್ಪವೇ ಒರೆಸಿ, ಒಣಗಿಸಿ, ಕ್ರೀಮ್ ಹಚ್ಚಿದೆ. ಒಂದು ಹನಿ ಬಣ್ಣವೂ ಇಲ್ಲದೆ ಅದರ ಜೇನಿನ ಬಣ್ಣ ವಾಪಸ್ ಬಂತು.

ಅಲ್ಲಿಂದ ಶುರುವಾಗಿ ಈಗ ನೆಂಟರು, ಗೆಳತಿಯರು ತಮ್ಮ ಹಳೆ ಬ್ಯಾಗುಗಳನ್ನು ನನ್ನ ಹತ್ತಿರ ತರುತ್ತಾರೆ. ಬಹಳ ಜನ ಕೇಳುವುದು "ಯಾವ ಬಣ್ಣ ಹಚ್ಚಲಿ?" ಅಂತ. ನಾನು ಮೊದಲು ಕೇಳುವುದು "ಏನು ಕಾಣ್ತಿದೆ?" ಅಂತ. ಬಣ್ಣ ಹಚ್ಚಿದ ಮೇಲೆ ಹಿಂದಕ್ಕೆ ಹೋಗುವ ದಾರಿ ಇರುವುದಿಲ್ಲ. ಕೊಳೆ, ಬೂಷ್ಟು, ಒಣಗುವಿಕೆ ಇವುಗಳನ್ನು ಬಣ್ಣ ಮುಚ್ಚಿಡುತ್ತದೆ ಅಷ್ಟೇ, ಗುಣ ಮಾಡುವುದಿಲ್ಲ. ಹಾಗಾಗಿ ಬಣ್ಣದ ಮಾತು ಇಲ್ಲಿ ಕೊನೆಗೆ ಬರುತ್ತದೆ.

ಎಲ್ಲಕ್ಕಿಂತ ಮೊದಲು: ಇದು ಚರ್ಮವೇನಾ? ಯಾವ ಚರ್ಮ?

ಈ ಪರೀಕ್ಷೆಗೆ ಖರ್ಚಿಲ್ಲ, ಐದು ನಿಮಿಷ ಸಾಕು. ಬ್ಯಾಗಿನ ಒಳಗೆ, ಜೇಬಿನ ಹಿಂದೆ ಅಥವಾ ಪಟ್ಟಿಯ ತುದಿಯಲ್ಲಿ, ಕತ್ತರಿಸಿದ ಅಂಚು ಎಲ್ಲಾದರೂ ಕಾಣುತ್ತದಾ ನೋಡಿ. ಚರ್ಮವಾದರೆ ಅಂಚಿನಲ್ಲಿ ಒತ್ತಾದ ನಾರು ಕಾಣುತ್ತದೆ. ಬಟ್ಟೆಯ ನೇಯ್ಗೆಯ ಮೇಲೆ ತೆಳು ಪದರ ಅಂಟಿಸಿದ ಹಾಗಿದ್ದರೆ ಅದು ರೆಕ್ಸಿನ್. ಬೆಂಕಿ ಹಚ್ಚಿ ನೋಡುವ ಪರೀಕ್ಷೆ ಖಂಡಿತ ಬೇಡ. ಬ್ಯಾಗೂ ಹಾಳು, ರೆಕ್ಸಿನ್ ಆಗಿದ್ದರೆ ಹೊಗೆಯೂ ಕೆಟ್ಟದ್ದು.

ಚರ್ಮ ಅಂತ ಗೊತ್ತಾದ ಮೇಲೆ ತಳದ ಕಡೆ, ಕಣ್ಣಿಗೆ ಬೀಳದ ಜಾಗದಲ್ಲಿ ಒಂದೇ ಒಂದು ಹನಿ ನೀರು ಇಡಿ. ಒಂದು ನಿಮಿಷದಲ್ಲಿ ನೀರು ಒಳಗೆ ಇಂಗಿ ಆ ಜಾಗ ಗಾಢವಾದರೆ, ಅದು ಮೇಲೆ ಲೇಪ ಇಲ್ಲದ ಬರಿಯ ಚರ್ಮ. ಹನಿ ಕೆಸುವಿನ ಎಲೆಯ ಮೇಲೆ ನಿಂತ ಹಾಗೆ ನಿಂತರೆ, ಮೇಲೆ ಬಣ್ಣದ ಲೇಪ ಇದೆ ಅಂತ ಅರ್ಥ. ಮೇಣ ಜಾಸ್ತಿ ಹಚ್ಚಿದ್ದರೂ ಹನಿ ಹೀಗೆ ನಿಲ್ಲಬಹುದು, ಅದಕ್ಕೇ ಒಮ್ಮೆ ಒರೆಸಿ ಇನ್ನೊಮ್ಮೆ ನೋಡಿ. ಲೇಪ ಇರುವ ಚರ್ಮ ಒರೆಸುವುದನ್ನು ತಡೆದುಕೊಳ್ಳುತ್ತದೆ. ಬರಿಯ ಚರ್ಮ ಎಲ್ಲವನ್ನೂ ಕುಡಿಯುತ್ತದೆ: ನೀರು, ಎಣ್ಣೆ, ಶಾಯಿ, ನಮ್ಮ ತಪ್ಪುಗಳು.

ನಮ್ಮ ಕಡೆಯ ಹಳೆ ಬ್ಯಾಗುಗಳಲ್ಲಿ ಬಹಳಷ್ಟು ಮರದ ತೊಗಟೆಯಲ್ಲಿ ಹದ ಮಾಡಿದ ಚರ್ಮದವು. ತಮಿಳುನಾಡಿನಲ್ಲಿ ತಂಗಡಿ ಗಿಡದ ತೊಗಟೆ, ಅಳಲೆಕಾಯಿ ಬಳಸಿ ಹದ ಮಾಡುವ ಪದ್ಧತಿ ತುಂಬ ಹಳೆಯದು. 1978ರಲ್ಲಿ ಪುದುಚೇರಿಯಲ್ಲಿ ಶುರುವಾದ ಹೈಡಿಸೈನ್ ಬ್ಯಾಗುಗಳು ಹೆಸರು ಮಾಡಿದ್ದೂ ಇಂಥ ಚರ್ಮದಿಂದಲೇ. ಇದು ಬಳಸಿದಷ್ಟೂ ಬಣ್ಣ ಗಾಢವಾಗುತ್ತದೆ. ಅದು ದೋಷ ಅಲ್ಲ, ಅದರ ಸ್ವಭಾವ. ಒರೆಸಿ ತೆಗೆಯಲು ಹೋಗಬೇಡಿ.

ಇನ್ನು ಮೂರು ಜಾತಿಗೆ ಮುಂದಿನ ಸಲಹೆಗಳು ಅನ್ವಯಿಸುವುದಿಲ್ಲ. ಮಖಮಲ್ಲಿನ ಹಾಗಿರುವ ಸ್ವೇಡ್‌ಗೆ ನೀರು, ಕ್ರೀಮ್ ಯಾವುದೂ ಬೇಡ. ಮೆತ್ತನೆ ಬ್ರಶ್ ಮತ್ತು ಪೆನ್ಸಿಲ್ ರಬ್ಬರ್ ಸಾಕು. ಕನ್ನಡಿಯ ಹಾಗೆ ಹೊಳೆಯುವ ಪೇಟೆಂಟ್ ಚರ್ಮಕ್ಕೆ ಆಲ್ಕೋಹಾಲ್, ಅಸಿಟೋನ್ ತಾಗಿಸಿದರೆ ಹೊಳಪು ಹೋಯಿತು ಅಂತಲೇ ಲೆಕ್ಕ. ಶಾಂತಿನಿಕೇತನದ ಚಿತ್ತಾರದ ಬ್ಯಾಗುಗಳಲ್ಲಿ ಬಣ್ಣ ಕೈಯಲ್ಲಿ ತುಂಬಿದ್ದು. ಒದ್ದೆ ಬಟ್ಟೆಗೇ ಅದು ಹರಡಬಹುದು. ಒಣ ಬಟ್ಟೆಯಲ್ಲಿ ದೂಳು ಒರೆಸಿ ಬಿಟ್ಟುಬಿಡಿ.

ಲಕ್ಷಣ: ಮೇಲೆ ಬಿಳಿ ಪುಡಿ ಅಥವಾ ಬಿಳಿ ಪೊರೆ

ಮಳೆಗಾಲ ಮುಗಿದ ಮೇಲೆ ಮಲೆನಾಡು, ಕರಾವಳಿಯಲ್ಲಿ ಬೀರು ತೆಗೆದವರಿಗೆಲ್ಲ ಇದು ಗೊತ್ತು. ಆದರೆ ಬಿಳಿಯಾಗಿ ಕಂಡಿದ್ದೆಲ್ಲ ಬೂಷ್ಟು ಅಲ್ಲ. ಮೂರು ಬೇರೆ ಬೇರೆ ವಸ್ತುಗಳು ಒಂದೇ ತರ ಕಾಣುತ್ತವೆ.

ಬ್ಯಾಗನ್ನು ಹೊರಗೆ ಒಯ್ದು, ಮೂಗಿಗೆ ಮಾಸ್ಕ್ ಹಾಕಿಕೊಂಡು, ಭೂತಗನ್ನಡಿಯಲ್ಲಿ ಅಥವಾ ಫೋನಿನ ಕ್ಯಾಮೆರಾ ಹತ್ತಿರ ಹಿಡಿದು ನೋಡಿ. ಹತ್ತಿಯ ಎಳೆಯ ಹಾಗೆ ನವಿರು ಕೂದಲು, ದುಂಡು ದುಂಡು ಚುಕ್ಕೆ, ಜೊತೆಗೆ ಮುಗ್ಗಲು ವಾಸನೆ ಇದ್ದರೆ ಬೂಷ್ಟು. ಕೂದಲಿಲ್ಲ, ವಾಸನೆ ಇಲ್ಲ, ಮೇಣದ ತೆಳು ಪೊರೆಯ ಹಾಗಿದೆ ಅಂದರೆ ಹೇರ್ ಡ್ರೈಯರನ್ನು ಕಡಿಮೆ ಬಿಸಿಗೆ ಇಟ್ಟು, ಒಂದು ಗೇಣು ದೂರದಿಂದ ಕೆಲವು ಸೆಕೆಂಡು ಗಾಳಿ ಬಿಡಿ. ಪೊರೆ ಕಣ್ಣೆದುರೇ ಕರಗಿ ಮಾಯವಾದರೆ ಅದು ಚರ್ಮದೊಳಗಿನ ಕೊಬ್ಬು ಚಳಿಗೆ ಮೇಲೆ ಬಂದಿರುವುದು. ಬೂಷ್ಟು ಬಿಸಿಗೆ ಕರಗುವುದಿಲ್ಲ. ಎರಡೂ ಅಲ್ಲ, ಹರಳು ಹರಳಾಗಿದೆ, ಒದ್ದೆ ಬಟ್ಟೆ ತಾಗಿಸಿದ ಕೂಡಲೇ ಕರಗುತ್ತದೆ ಅಂದರೆ ಅದು ಉಪ್ಪು.

ಉಪ್ಪಿಗೆ ಹಿಂಡಿದ ಒದ್ದೆ ಬಟ್ಟೆ ಎರಡು ಮೂರು ಸಲ ಸಾಕು. ಕೊಬ್ಬಾದರೆ ಬೆಚ್ಚಗೆ ಮಾಡಿ ಹಳೆ ಬನಿಯನ್ ಬಟ್ಟೆಯಲ್ಲಿ ಉಜ್ಜಿ ತೆಗೆಯಿರಿ. ಬ್ಯಾಗಿಗೆ ಇನ್ನೂ ಎಣ್ಣೆ ಬೇಡ ಅನ್ನುವುದಕ್ಕೆ ಅದೇ ಗುರುತು.

ಬೂಷ್ಟಿನ ಕೆಲಸ ಸ್ವಲ್ಪ ಉದ್ದ. ಮನೆಯೊಳಗೆ ಕೊಡವಬೇಡಿ. ಬೀಜದ ಪುಡಿ ಹಾರಿ ಪಕ್ಕದ ಬ್ಯಾಗು, ಚಪ್ಪಲಿ, ಪುಸ್ತಕಕ್ಕೆಲ್ಲ ಹತ್ತುತ್ತದೆ. ಅಂಗಳದಲ್ಲಿ ನಿಂತು, ಎನ್95 ಮಾಸ್ಕ್ ಮತ್ತು ಗ್ಲೌಸ್ ಹಾಕಿ, ಒಣ ಬಟ್ಟೆಯಲ್ಲಿ ಒಂದೇ ದಿಕ್ಕಿಗೆ ಒರೆಸಿ, ಆ ಬಟ್ಟೆ ಎಸೆಯಿರಿ. ಆಮೇಲೆ ಮೆಡಿಕಲ್ ಶಾಪಿನಲ್ಲಿ ಸಿಗುವ 70% ಐಸೊಪ್ರೊಪೈಲ್ ಆಲ್ಕೋಹಾಲಿಗೆ ಅಷ್ಟೇ ಡಿಸ್ಟಿಲ್ಡ್ ವಾಟರ್ ಬೆರೆಸಿ, ಬಟ್ಟೆಗೆ ತಾಗಿಸಿ, ಹಗುರಾಗಿ ಒರೆಸಿ. ಮೊದಲು ಕಾಣದ ಜಾಗದಲ್ಲಿ ಪ್ರಯತ್ನಿಸಿ. ಬಟ್ಟೆಗೆ ಬಣ್ಣ ಬಂದರೆ ಆಲ್ಕೋಹಾಲ್ ಅಲ್ಲಿಗೇ ಬಿಡಿ. ಒರೆಸಿದ ಮೇಲೆ ನೆರಳಿನಲ್ಲಿ, ಫ್ಯಾನಿನ ಗಾಳಿಗೆ, ಬಾಯಿ ತೆರೆದು ಎರಡು ದಿನ ಇಡಿ.

ಇಷ್ಟು ಮಾಡಿಯೂ ಬೂಷ್ಟು ಮತ್ತೆ ಬಂದರೆ ತಪ್ಪು ಬ್ಯಾಗಿನದ್ದಲ್ಲ, ಬೀರುವಿನದ್ದು. ಗಾಳಿಯ ತೇವ 65% ದಾಟಿದ ಜಾಗದಲ್ಲಿ ಯಾವ ಚರ್ಮವೂ ಸುರಕ್ಷಿತ ಅಲ್ಲ. ತೇವ ಅಳೆಯುವ ಒಂದು ಚಿಕ್ಕ ಹೈಗ್ರೋಮೀಟರ್ ತಂದು ಬೀರುವಿನೊಳಗೆ ಇಟ್ಟು ನೋಡಿ. ಬ್ಯಾಗನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡುವುದು ಬೇಡ, ಹಳೆ ಹತ್ತಿ ಸೀರೆಯಲ್ಲಿ ಸುತ್ತಿ. ತೇವ ಹೀರುವ ಸಿಲಿಕಾ ಜೆಲ್ ಹಾಕುವುದಾದರೆ ಕಿತ್ತಳೆ ಬಣ್ಣದ್ದು ತನ್ನಿ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ, ಮಕ್ಕಳಿರುವ ಮನೆಗೆ ಬೇಡವೇ ಬೇಡ.

ಉಬ್ಬಸ, ಧೂಳಿನ ಅಲರ್ಜಿ ಇರುವವರು ಬೂಷ್ಟಿನ ಕೆಲಸಕ್ಕೆ ಕೈ ಹಾಕಬೇಡಿ, ಬೇರೆಯವರಿಂದ ಮಾಡಿಸಿ.

ಲಕ್ಷಣ: ನೋಡಲು ಚೆನ್ನಾಗಿದೆ, ವಾಸನೆ ಮಾತ್ರ ಹೋಗುತ್ತಿಲ್ಲ

ವಾಸನೆ ಬಹುಮಟ್ಟಿಗೆ ಒಳಬಟ್ಟೆಯಲ್ಲಿ ಇರುತ್ತದೆ, ಚರ್ಮದಲ್ಲಿ ಅಲ್ಲ. ಒಳಬಟ್ಟೆಯನ್ನು ಹೊರಗೆ ಎಳೆದು, ಹೊಲಿಗೆಯ ಮೂಲೆಯ ಕಸ ಬ್ರಶ್‌ನಿಂದ ತೆಗೆದು, ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ನುಸಿ ಗುಳಿಗೆಯ ವಾಸನೆಗೆ ಗಾಳಿಯೇ ಮದ್ದು. ಒಂದೆರಡು ವಾರ ಬೇಕು. ಮುಗ್ಗಲಿಗೆ, ಸಿಗರೇಟಿನ ವಾಸನೆಗೆ ಆಕ್ಟಿವೇಟೆಡ್ ಚಾರ್ಕೋಲ್ ಬಟ್ಟೆ ಚೀಲದಲ್ಲಿ ಕಟ್ಟಿ ಒಳಗಿಡಿ. ಕಾಫಿ ಪುಡಿ ಇಟ್ಟರೆ ಕಾಫಿ ವಾಸನೆ ಬರುತ್ತದೆ, ಹಳೆಯದು ಕೆಳಗೆ ಹಾಗೇ ಇರುತ್ತದೆ. ಅಡುಗೆ ಸೋಡಾವನ್ನು ತೆರೆದ ಬಟ್ಟಲಿನಲ್ಲಿ ಇಡಬಹುದು, ಚರ್ಮದ ಮೇಲೆ ಚೆಲ್ಲಬಾರದು. ಒಳಬಟ್ಟೆಯೇ ಕೊಳೆತಿದ್ದರೆ ಬ್ಯಾಗ್ ರಿಪೇರಿಯವರ ಹತ್ತಿರ ಹೊಸದು ಹಾಕಿಸುವುದು ಒಳ್ಳೆಯದು.

ಲಕ್ಷಣ: ಹಿಡಿ ಕಪ್ಪಾಗಿದೆ, ಉಳಿದ ಮೈ ಮಂಕಾಗಿದೆ

ಬಣ್ಣ ಹಚ್ಚಬೇಕು ಅಂತ ಜನ ತರುವ ಬ್ಯಾಗುಗಳಲ್ಲಿ ಇದೇ ಜಾಸ್ತಿ. ಇದಕ್ಕೆ ಬೇಕಿರುವುದು ಶುಚಿ ಮಾತ್ರ.

ಚರ್ಮಕ್ಕೆ ಸ್ವಲ್ಪ ಹುಳಿ ಗುಣ ಇದೆ, ಪಿಎಚ್ ಸುಮಾರು 4ರಿಂದ 5. ಬಟ್ಟೆ ಸೋಪು, ಅಡುಗೆ ಸೋಡಾ ಕ್ಷಾರ. ಅವು ಕೊಳೆಯ ಜೊತೆ ಚರ್ಮದ ಹದವನ್ನೂ ಕೆಡಿಸುತ್ತವೆ. ಅರ್ಧ ಲೀಟರ್ ಉಗುರುಬೆಚ್ಚಗಿನ ನೀರಿಗೆ ಒಂದು ಟೀ ಚಮಚ ಬೇಬಿ ಶಾಂಪೂ ಹಾಕಿ ನೊರೆ ಎಬ್ಬಿಸಿ. ಬಟ್ಟೆಗೆ ನೊರೆ ಮಾತ್ರ ತೆಗೆದುಕೊಳ್ಳಿ, ನೀರು ಬೇಡ. ಒಂದು ಭಾಗವನ್ನು ಹೊಲಿಗೆಯಿಂದ ಹೊಲಿಗೆಯವರೆಗೆ ಪೂರ್ತಿ ಒರೆಸಿ. ನಡುವೆ ನಿಲ್ಲಿಸಿದರೆ ಅಲ್ಲೊಂದು ಗೆರೆ ಉಳಿಯುತ್ತದೆ. ಬಿಳಿ ಬಟ್ಟೆ ಬಳಸಿ, ಏನು ಬರುತ್ತಿದೆ ಅಂತ ಗೊತ್ತಾಗುತ್ತದೆ. ಬೂದು ಬಣ್ಣ ಬಂದರೆ ಕೊಳೆ, ಸಂತೋಷ. ಬ್ಯಾಗಿನ ಬಣ್ಣವೇ ಬರುತ್ತಿದ್ದರೆ ನಿಲ್ಲಿಸಿ.

ಆಮೇಲೆ ಬರಿಯ ನೀರಿನ ಬಟ್ಟೆಯಲ್ಲಿ ಒರೆಸಿ, ಒಳಗೆ ಬಿಳಿ ಕಾಗದ ಅಥವಾ ಹಳೆ ಬಟ್ಟೆ ತುಂಬಿ, ನೆರಳಿನಲ್ಲಿ 24 ಗಂಟೆ ಒಣಗಿಸಿ. ನ್ಯೂಸ್ ಪೇಪರ್ ತುಂಬಬೇಡಿ, ಶಾಯಿ ಒಳಬಟ್ಟೆಗೆ ಹತ್ತುತ್ತದೆ. ಬಿಸಿಲಿಗೂ ಇಡಬೇಡಿ. ತೊಗಟೆಯಲ್ಲಿ ಹದ ಮಾಡಿದ ಚರ್ಮ ಒದ್ದೆಯಾಗಿದ್ದಾಗ ಸುಮಾರು 70 ಡಿಗ್ರಿ ಬಿಸಿಗೆ ಸುಕ್ಕುಗಟ್ಟಿ ಕುಗ್ಗಲು ಶುರುವಾಗುತ್ತದೆ. ಹಳೆಯದಾಗಿ ಸೊರಗಿದ್ದರೆ ಇನ್ನೂ ಕಡಿಮೆ ಬಿಸಿಗೇ. ಕುಗ್ಗಿದ್ದು ಮತ್ತೆ ಹಿಗ್ಗುವುದಿಲ್ಲ.

ಅಮ್ಮನ ಬ್ಯಾಗಿನ ಹಿಡಿಗೆ ನಾನು ಹೀಗೆ ನಾಲ್ಕು ಸಲ ಮಾಡಿದೆ, ಪ್ರತಿ ಸಲದ ನಡುವೆ ಎರಡು ದಿನ ಬಿಟ್ಟು. ಪೂರ್ತಿ ಹೋಗಲಿಲ್ಲ. ಕೈಬೆರಳು ಕೂರುವ ಜಾಗದಲ್ಲಿ ತೆಳು ಕಪ್ಪು ಉಳಿದಿದೆ. ಮೂವತ್ತು ವರ್ಷ ಅಮ್ಮನ ಕೈ ಹಿಡಿದ ಗುರುತು ಅದು, ನನಗೆ ಅದು ಇರಲಿ ಅನ್ನಿಸಿತು.

ವಿದೇಶದಲ್ಲಿರುವ ನಮ್ಮವರಿಗೆ ಒಂದು ಮಾತು. 1941ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಕೋಚ್‌ನ ಹಳೆ ಬ್ಯಾಗುಗಳು ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಸಿಗುತ್ತವೆ. ಅವನ್ನು ಬಕೆಟ್ ನೀರಿನಲ್ಲಿ ಪೂರ್ತಿ ಮುಳುಗಿಸಿ ತೊಳೆಯುವ ಪದ್ಧತಿ ಅಲ್ಲಿ ಚಾಲ್ತಿಯಲ್ಲಿದೆ. ಒಳಬಟ್ಟೆ ಇಲ್ಲದ, ದಪ್ಪ ಚರ್ಮದ ಹಳೆ ಮಾದರಿಗೆ ಅದು ನಡೆಯುತ್ತದೆ. ಒಳಗೆ ರಟ್ಟು, ಸ್ಪಂಜು, ಅಂಟು ಇರುವ ಬ್ಯಾಗನ್ನು ಹಾಗೆ ಮುಳುಗಿಸಿದರೆ ಆಕಾರವೇ ಹೋಗುತ್ತದೆ.

ಲಕ್ಷಣ: ಒಂದು ಕಡೆ ಮಾತ್ರ ಕಲೆ

ನೀರಿನ ಕಲೆಗೆ ಸುತ್ತ ಗಾಢ ಗೆರೆ ಇರುತ್ತದೆ. ಕಲೆಯನ್ನಷ್ಟೇ ಉಜ್ಜಿದರೆ ಗೆರೆ ದೊಡ್ಡದಾಗುತ್ತದೆ. ಆ ಇಡೀ ಭಾಗವನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಸಮನಾಗಿ ತೇವ ಮಾಡಿ, ನಿಧಾನವಾಗಿ ಒಣಗಲು ಬಿಡಿ.

ಎಣ್ಣೆಯ ಕಲೆಗೆ ಗೆರೆ ಇರುವುದಿಲ್ಲ, ಅಂಚು ಮಸುಕಾಗಿರುತ್ತದೆ. ನೀರು ಮುಟ್ಟಿಸಬೇಡಿ. ಕಾರ್ನ್ ಫ್ಲೋರ್ ದಪ್ಪಗೆ ಹಾಕಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಬ್ರಶ್‌ನಿಂದ ಉದುರಿಸಿ. ಹೊಸ ಕಲೆಗೆ ಎರಡು ಮೂರು ಸಲದಲ್ಲಿ ಗುಣ ಕಾಣುತ್ತದೆ. ವರ್ಷಗಟ್ಟಲೆ ಹಳೆಯದಕ್ಕೆ ಇಲ್ಲ.

ಬಾಲ್‌ಪೆನ್ನಿನ ಗೆರೆಗೆ ಸ್ಯಾನಿಟೈಸರ್, ಹೇರ್ ಸ್ಪ್ರೇ ಹಾಕಿ ಅಂತ ಬಹಳ ಜನ ಹೇಳುತ್ತಾರೆ. ಲೇಪ ಇರುವ ಚರ್ಮದಲ್ಲಿ, ಇಯರ್ ಬಡ್ ತುದಿಗೆ ಆಲ್ಕೋಹಾಲ್ ತಾಗಿಸಿ ಗೆರೆಯ ಮೇಲಷ್ಟೇ ಉರುಳಿಸಿದರೆ ಒಮ್ಮೊಮ್ಮೆ ಹೋಗುತ್ತದೆ. ಬರಿಯ ಚರ್ಮದಲ್ಲಿ ಅದೇ ಆಲ್ಕೋಹಾಲ್ ಶಾಯಿಯನ್ನು ಕರಗಿಸಿ ಇನ್ನೂ ಆಳಕ್ಕೆ ಕಳಿಸುತ್ತದೆ. ಒಂದು ಗೆರೆ ಇದ್ದ ಕಡೆ ನೀಲಿ ಮೋಡ ಆಗುತ್ತದೆ. ಅಲ್ಲಿ ಗೆರೆಯನ್ನು ಹಾಗೇ ಬಿಡುವುದೇ ವಾಸಿ.

ಇನ್ನೊಂದು ಕಲೆ ಇದೆ, ಅದನ್ನು ಶಾಯಿ ಅಂತಲೇ ಎಲ್ಲರೂ ತಿಳಿಯುತ್ತಾರೆ. ಬಕಲ್, ರಿವೆಟ್, ಕೀ ಗೊಂಚಲು ತಾಗುವ ಜಾಗದಲ್ಲಿ ನೀಲಿ ಬೆರೆತ ಕಪ್ಪು ಚುಕ್ಕೆ. ತೊಗಟೆಯಲ್ಲಿ ಹದ ಮಾಡಿದ ಚರ್ಮದಲ್ಲಿ ಒಗರು ಸತ್ವ ತುಂಬಿರುತ್ತದೆ. ಒದ್ದೆಯಾದಾಗ ಕಬ್ಬಿಣ ತಾಗಿದರೆ ಅದು ಕಪ್ಪಾಗುತ್ತದೆ. ಕಲಂಕಾರಿಯಲ್ಲಿ ಅಳಲೆಕಾಯಿ ನೀರಿನಲ್ಲಿ ಅದ್ದಿದ ಬಟ್ಟೆಗೆ ಕಬ್ಬಿಣ ಮತ್ತು ಬೆಲ್ಲದ ನೀರು ತಾಗಿಸಿ ಕಪ್ಪು ಬರಿಸುತ್ತಾರಲ್ಲ, ಅದೇ ಕ್ರಿಯೆ ಇಲ್ಲಿ ಬೇಡದ ಜಾಗದಲ್ಲಿ ಆಗಿರುತ್ತದೆ. ಸೋಪಿಗೆ ಇದು ಜಗ್ಗುವುದಿಲ್ಲ. ಸೋಸಿದ ನಿಂಬೆರಸಕ್ಕೆ ಅಷ್ಟೇ ನೀರು ಬೆರೆಸಿ, ಇಯರ್ ಬಡ್ಡಿನಲ್ಲಿ ಚುಕ್ಕೆಯ ಮೇಲೆ ಇಟ್ಟು ಒಂದು ನಿಮಿಷ ಕಾಯಿರಿ. ಕಪ್ಪು ಕಂದಾಗಿ, ಆಮೇಲೆ ಮಸುಕಾಗುವುದು ಕಾಣುತ್ತದೆ. ಕೂಡಲೇ ನೀರಿನ ಬಟ್ಟೆಯಲ್ಲಿ ಎರಡು ಸಲ ಒರೆಸಿ. ಬಣ್ಣ ಹಾಕಿದ ಚರ್ಮದಲ್ಲಿ ನಿಂಬೆ ಬಣ್ಣವನ್ನೂ ತೆಗೆಯಬಹುದು, ಹಾಗಾಗಿ ಮೊದಲು ತಳದಲ್ಲಿ ನೋಡಿ. ತುಕ್ಕಿಗೆ ಮಾರುವ ಆಕ್ಸಾಲಿಕ್ ಆಸಿಡ್ ವಿಷ, ಮನೆಯಲ್ಲಿ ಬೇಡ.

ಲಕ್ಷಣ: ಗಟ್ಟಿಯಾಗಿದೆ, ಮಡಚಿದ ಕಡೆ ಬಿರುಕು

ಬಿರುಕು ಎಷ್ಟು ಆಳ ಅನ್ನುವುದೇ ಇಲ್ಲಿ ಮುಖ್ಯ. ಆ ಜಾಗವನ್ನು ಒಂಚೂರು ಮಾತ್ರ ಬಗ್ಗಿಸಿ ನೋಡಿ. ಕೆರೆಯ ಒಣ ಮಣ್ಣಿನ ಹಾಗೆ ಮೇಲಿನ ಬಣ್ಣ ಮಾತ್ರ ಸೀಳಿದೆ, ಕೆಳಗಿನ ಚರ್ಮ ಗಟ್ಟಿಯಾಗಿದೆ ಅಂದರೆ ಲೇಪದ ಬಿರುಕು. ಬಿರುಕಿನೊಳಗೆ ನಾರು ಎದ್ದು ಕಾಣುತ್ತಿದ್ದರೆ ಚರ್ಮವೇ ಹರಿದಿದೆ. ಯಾವ ಕ್ರೀಮೂ ಹರಿದ ನಾರನ್ನು ಮತ್ತೆ ಕೂಡಿಸುವುದಿಲ್ಲ. ಫಿಲ್ಲರ್ ತುಂಬಿ ಮೇಲೆ ಬಣ್ಣ ಕೊಟ್ಟು ಕಾಣದ ಹಾಗೆ ಮಾಡಬಹುದು, ಅದು ಹೊರನೋಟಕ್ಕೆ ಮಾತ್ರ. ಭಾರ ಹೊರುವ ಹಿಡಿ, ಪಟ್ಟಿಯಲ್ಲಿ ಇಂಥ ಬಿರುಕಿದ್ದರೆ ಪಟ್ಟಿ ಬದಲಿಸಲೇಬೇಕು.

ಬರಿ ಗಟ್ಟಿಯಾಗಿದ್ದರೆ ಬಣ್ಣವಿಲ್ಲದ ಲೆದರ್ ಕ್ರೀಮ್ ಕಡಲೆಕಾಳಿನಷ್ಟು ತೆಗೆದುಕೊಂಡು ಬೆರಳಿನಲ್ಲೇ ಹಚ್ಚಿ. ಒಂದು ದಿನ ಬಿಟ್ಟು ನೋಡಿ, ಬೇಕಾದರೆ ಇನ್ನೊಮ್ಮೆ. ಚರ್ಮ ಕುಡಿಯುವುದನ್ನು ನಿಲ್ಲಿಸಿದಾಗ ನಾವೂ ನಿಲ್ಲಿಸಬೇಕು. ಮ್ಯೂಸಿಯಂಗಳಲ್ಲಿ ಈಗ ಹಳೆ ಚರ್ಮಕ್ಕೆ ಎಣ್ಣೆ ಕೊಡುವುದನ್ನು ಬಹುಮಟ್ಟಿಗೆ ಬಿಟ್ಟಿದ್ದಾರೆ. ಬಳಸುವ ಬ್ಯಾಗಿಗೆ ಸ್ವಲ್ಪ ಬೇಕು, ಆದರೆ ಸ್ವಲ್ಪವೇ.

ಕೊಬ್ಬರಿ ಎಣ್ಣೆ ಹಚ್ಚಬೇಡಿ. ಇದನ್ನು ನಾನು ನೊಂದು ಹೇಳುತ್ತಿದ್ದೇನೆ. ದೊಡ್ಡಮ್ಮನ ಒಂದು ಕೆಂಗಂದು ಬ್ಯಾಗಿಗೆ ಒಂದು ಬೇಸಿಗೆಯಲ್ಲಿ ಹಚ್ಚಿದೆ. ಮೊದಲ ದಿನ ಮಿರಿಮಿರಿ ಮಿಂಚಿತು. ವಾರದಲ್ಲಿ ತೇಪೆ ಹಾಕಿದ ಹಾಗೆ ಅಲ್ಲಲ್ಲಿ ಕಪ್ಪಾಯಿತು. ಬೆಂಗಳೂರಿನ ಡಿಸೆಂಬರ್ ಬೆಳಗಿನಲ್ಲಿ ಮೇಲೆಲ್ಲ ಬಿಳಿ ಪೊರೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಬಾಟಲಿಯಲ್ಲಿ ಹೇಗೋ ಚರ್ಮದಲ್ಲೂ ಹಾಗೇ. ಆಮೇಲೆ ಕಮಟು ವಾಸನೆ. ದೊಡ್ಡಮ್ಮ ಏನೂ ಅನ್ನಲಿಲ್ಲ, ಆದರೆ ಆ ಬಣ್ಣ ಮತ್ತೆ ಬರಲಿಲ್ಲ. ಆಲಿವ್ ಎಣ್ಣೆ, ತುಪ್ಪ, ವ್ಯಾಸಲೀನಿಗೂ ಇದೇ ಮಾತು. ಅಂಗಡಿಯಲ್ಲಿ ಸಿಗುವ ನೀಟ್ಸ್‌ಫೂಟ್ ಎಣ್ಣೆ ದನದ ಕಾಲಿನ ಮೂಳೆಯಿಂದ ತೆಗೆದದ್ದು. ಅದು ಚರ್ಮಕ್ಕೆ ಹೊಂದುತ್ತದೆ, ಆದರೆ ಬಣ್ಣ ಗಾಢ ಮಾಡುತ್ತದೆ.

ಲಕ್ಷಣ: ಸಿಪ್ಪೆ ಏಳುತ್ತಿದೆ, ಅಥವಾ ಒಳಗೆ ಅಂಟಂಟು

ಸಿಪ್ಪೆ ಚೂರು ಚೂರಾಗಿ ಉದುರಿ ಕೆಳಗೆ ಬಟ್ಟೆ ಕಾಣುತ್ತಿದ್ದರೆ ಅದು ಚರ್ಮವಲ್ಲ, ಪಾಲಿಯುರಿಥೇನ್ ಪದರ. ಗಾಳಿಯ ತೇವಕ್ಕೆ ಅದು ಒಳಗೊಳಗೇ ಒಡೆಯುತ್ತದೆ. ಬಳಸದೆ ಬೀರುವಿನಲ್ಲಿ ಇಟ್ಟಿದ್ದರೂ ಒಡೆಯುತ್ತದೆ. ಇದಕ್ಕೆ ರಿಪೇರಿ ಇಲ್ಲ. ಬಣ್ಣ ಹಚ್ಚಿದರೆ ಬಣ್ಣದ ಜೊತೆಗೇ ಉದುರುತ್ತದೆ. ದಯವಿಟ್ಟು ದುಡ್ಡು ಹಾಕಬೇಡಿ.

ಹೊರಗೆ ಒಳ್ಳೆ ಚರ್ಮ, ಒಳಜೇಬು ಮಾತ್ರ ಅಂಟಂಟಾಗಿದ್ದರೆ ಬೇರೆ ಮಾತು. ಒಳಗಿನ ಪ್ಲಾಸ್ಟಿಕ್ ಪದರ ಹಾಳಾಗಿದೆ, ಬ್ಯಾಗು ಚೆನ್ನಾಗಿದೆ. ಪೌಡರ್ ಹಾಕಿದರೆ ಕೆಲವು ದಿನ ತಡೆಯುತ್ತದೆ ಅಷ್ಟೇ. ಒಳಭಾಗ ಕಿತ್ತು ಹೊಸ ಬಟ್ಟೆ ಹಾಕಿಸಿ.

ಲಕ್ಷಣ: ಮುಟ್ಟಿದರೆ ಕೈಗೆ ಕೆಂಪು ಪುಡಿ

ಇಲ್ಲಿ ನಿಲ್ಲಿಸಿ. ನೀರು, ಕ್ರೀಮ್, ಎಣ್ಣೆ ಏನೂ ಬೇಡ. ಅಜ್ಜನ ಕಾಲದ ಕೈಪೆಟ್ಟಿಗೆ, ಬ್ರಿಟಿಷರ ಕಾಲದ ಡಾಕ್ಟರ್ ಬ್ಯಾಗು, ಹಳೆ ಪುಸ್ತಕದ ರಟ್ಟು ಇವುಗಳಲ್ಲಿ ಕಾಣುವ ರೋಗ ಇದು. ರೆಡ್ ರಾಟ್ ಅನ್ನುತ್ತಾರೆ. ತೊಗಟೆಯಲ್ಲಿ ಹದ ಮಾಡಿದ ಚರ್ಮ ಗಾಳಿಯ ಗಂಧಕದ ಹೊಗೆ ಹೀರಿ, ಒಳಗೇ ಆಮ್ಲವಾಗಿ, ನಾರು ಪುಡಿಯಾಗುತ್ತದೆ. ನೀರು ತಾಗಿದರೆ ಕಪ್ಪಾಗಿ ಗಟ್ಟಿಯಾಗುತ್ತದೆ. ಇದನ್ನು ವಾಸಿ ಮಾಡಲು ಆಗುವುದಿಲ್ಲ, ಉಳಿದದ್ದನ್ನು ಹಿಡಿದಿಡಬಹುದು. ಕ್ಲೂಸೆಲ್ ಜಿ ಅನ್ನುವ ಪುಡಿಯನ್ನು ಆಲ್ಕೋಹಾಲಿನಲ್ಲಿ ಕರಗಿಸಿ ಹಚ್ಚುತ್ತಾರೆ. ಅದನ್ನು ವಸ್ತು ಸಂರಕ್ಷಣೆ ಕಲಿತವರ ಕೈಯಲ್ಲೇ ಮಾಡಿಸಿ. ಅಲ್ಲಿಯವರೆಗೆ ಹತ್ತಿ ಬಟ್ಟೆಯಲ್ಲಿ ಸುತ್ತಿ, ಬೇರೆ ಚರ್ಮದ ವಸ್ತುಗಳಿಂದ ದೂರ ಇಡಿ.

ಲಕ್ಷಣ: ಬಕಲ್ ಸುತ್ತ ಹಸಿರು, ಜಿಪ್ ಜಗ್ಗುತ್ತಿಲ್ಲ

ಹಸಿರು ಮೇಣದಂಥ ಕಿಲುಬು ಹಿತ್ತಾಳೆಯ ತಾಮ್ರ ಚರ್ಮದ ಕೊಬ್ಬಿನ ಜೊತೆ ಸೇರಿ ಆಗುವುದು. ಟೂತ್‌ಪಿಕ್ ಮತ್ತು ಇಯರ್ ಬಡ್ಡಿನಲ್ಲಿ ಒಣಗಿದ್ದಾಗಲೇ ಕೆರೆದು ತೆಗೆಯಿರಿ. ದೀಪ ತೊಳೆಯುವ ಹಾಗೆ ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಹುಳಿ ನೀರು ರಿವೆಟ್ ಕೆಳಗೆ ಸೇರಿ ಅಲ್ಲೇ ಉಳಿಯುತ್ತದೆ. ಹೊಳಪು ಬೇಕಿದ್ದರೆ ಮೊದಲು ಅಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಒಳಗೆ ಕಬ್ಬಿಣ, ಮೇಲೆ ತೆಳು ಲೇಪ, ಪಾಲಿಶ್ ಮಾಡಿದರೆ ಲೇಪವೇ ಹೋಗುತ್ತದೆ. ಅಂಟದಿದ್ದರೂ ಲೇಪದ ಬಕಲ್ ಇರಬಹುದು, ಹಿಂಬದಿಯಲ್ಲಿ ಒಂದು ಚುಕ್ಕೆ ಉಜ್ಜಿ ನೋಡಿ. ಚರ್ಮಕ್ಕೆ ಪಾಲಿಶ್ ತಾಗದ ಹಾಗೆ ಕೆಳಗೆ ಪ್ಲಾಸ್ಟಿಕ್ ಹಾಳೆ ಕೊಡಿ.

ಜಿಪ್ ಹಲ್ಲುಗಳ ಮೇಲೆ ಪೆನ್ಸಿಲ್ ಅಥವಾ ಮೇಣದಬತ್ತಿ ಉಜ್ಜಿ. ಮುಚ್ಚಿದ ಮೇಲೆ ಹಿಂದಿನಿಂದ ಬಿಟ್ಟುಕೊಳ್ಳುತ್ತಿದ್ದರೆ ರನ್ನರ್ ಸಡಿಲವಾಗಿದೆ. ಜಿಪ್ ರಿಪೇರಿಯವರು ಐದು ನಿಮಿಷದಲ್ಲಿ ಸರಿ ಮಾಡುತ್ತಾರೆ.

ಲಕ್ಷಣ: ಬಟ್ಟೆಗೆ ಬಣ್ಣ ಹತ್ತುತ್ತದೆ

ಮೊದಲು ಯಾರಾದರೂ ಶೂ ಪಾಲಿಶ್ ಹಚ್ಚಿದ್ದಾರಾ ಕೇಳಿ. ಬಹಳ ಸಲ ಅದೇ ಕಾರಣ. ಶೂ ಸೀರೆಗೆ ಉಜ್ಜುವುದಿಲ್ಲ, ಬ್ಯಾಗು ಉಜ್ಜುತ್ತದೆ. ಒಣ ಬಟ್ಟೆ, ಆಮೇಲೆ ಶಾಂಪೂ ನೊರೆ, ಬಿಳಿ ಬಟ್ಟೆ ಶುಚಿಯಾಗಿ ಬರುವವರೆಗೆ. ಪಾಲಿಶ್ ಅಲ್ಲ, ಹಿಂದೆ ಯಾರೋ ಡೈ ಮಾಡಿಸಿದ್ದು ಅಂತಾದರೆ ಮಿಕ್ಕ ಬಣ್ಣ ಉಜ್ಜಿ ತೆಗೆಯದೆ, ಮೇಲೆ ಫಿನಿಶ್ (ಬಣ್ಣ ಕಾಯುವ ತೆಳು ಲೇಪ) ಕೊಡದೆ ಬಿಟ್ಟಿದ್ದಾರೆ. ಅದನ್ನು ಸರಿ ಮಾಡುವ ಕ್ರಮ ಕೆಳಗಿದೆ.

ಲಕ್ಷಣ: ಶುಚಿ ಮಾಡಿ, ಕ್ರೀಮ್ ಕೊಟ್ಟ ಮೇಲೂ ಬಣ್ಣ ಮಾಸಿಯೇ ಇದೆ

ಈಗ ಬಣ್ಣದ ಮಾತು. ಮಳೆಗಾಲದಲ್ಲಿ ಶುರು ಮಾಡಬೇಡಿ. ತೇವದ ಗಾಳಿಯಲ್ಲಿ ಬಣ್ಣ ಬೇಗ ಒಣಗುವುದಿಲ್ಲ, ಫಿನಿಶ್ ಬಿಳಿಚಿಕೊಳ್ಳುತ್ತದೆ.

ಎರಡು ಬಗೆಯ ಬಣ್ಣ ಸಿಗುತ್ತದೆ. ಸ್ಪಿರಿಟ್ ಡೈ ಚರ್ಮದೊಳಗೆ ಇಳಿಯುತ್ತದೆ, ಬರಿಯ ಚರ್ಮಕ್ಕೆ ಅದು ಸರಿ. ಲೇಪ ಇರುವ ಚರ್ಮದಲ್ಲಿ ಅದು ಇಳಿಯದೆ ಮೇಲೇ ನಿಂತು ಬಟ್ಟೆಗೆ ಹತ್ತುತ್ತದೆ. ಅಲ್ಲಿ ನೀರಿನಲ್ಲಿ ಬೆರೆಯುವ ಅಕ್ರಿಲಿಕ್ ಲೆದರ್ ಪೇಂಟ್ ಬೇಕು. ಬಟ್ಟೆಯ ಡೈ, ಪೋಸ್ಟರ್ ಕಲರ್, ಕೂದಲಿನ ಡೈ ಯಾವುದೂ ಆಗುವುದಿಲ್ಲ.

ಸ್ಪಿರಿಟ್ ಡೈ ಪಾರದರ್ಶಕ. ಕೆಳಗಿನ ಬಣ್ಣದ ಜೊತೆ ಸೇರಿಯೇ ಕಾಣುತ್ತದೆ. ಹಳದಿ ಬೆರೆತ ಕಂದಿನ ಮೇಲೆ ನೀಲಿ ಹಾಕಿದರೆ ಹಸಿರಿಗೆ ತಿರುಗುತ್ತದೆ. ಗಾಢದ ಕಡೆಗೆ ಹೋಗಬಹುದು, ತಿಳಿಯ ಕಡೆಗೆ ಆಗುವುದಿಲ್ಲ. ಅದದೇ ಬಣ್ಣ ಅಥವಾ ಒಂದು ಮಟ್ಟ ಗಾಢ ಆರಿಸಿಕೊಂಡರೆ ಮೋಸವಿಲ್ಲ.

ಹಳೆ ಮೇಣ, ಲೇಪ ತೆಗೆಯಲು ಡೀಗ್ಲೇಜರ್ ಅಥವಾ ಅಸಿಟೋನ್ ಬೇಕಾಗುತ್ತದೆ. ಇದು ಬೇಗ ಹೊತ್ತಿಕೊಳ್ಳುವ ವಸ್ತು. ಸ್ಪಿರಿಟ್ ಡೈ ಕೂಡ ಹಾಗೇ. ಗ್ಯಾಸ್ ಒಲೆ, ದೇವರ ದೀಪ, ಊದುಬತ್ತಿ ಇರುವ ಕೋಣೆಯಲ್ಲಿ ಬೇಡವೇ ಬೇಡ. ಬಾಲ್ಕನಿ ಅಥವಾ ಅಂಗಳದಲ್ಲಿ, ನೈಟ್ರೈಲ್ ಗ್ಲೌಸ್ ಹಾಕಿ, ಮಕ್ಕಳು, ನಾಯಿ ಬೆಕ್ಕು ದೂರ ಇರುವಾಗ ಮಾಡಿ. ತಲೆ ಸುತ್ತಿದರೆ ಕೂಡಲೇ ಬಿಟ್ಟು ಗಾಳಿಗೆ ಹೋಗಿ. ಬಳಸಿದ ಬಟ್ಟೆ ಉಂಡೆ ಮಾಡಿ ಡಬ್ಬಿಗೆ ತುರುಕದೆ, ಹೊರಗೆ ಹರಡಿ ಒಣಗಿಸಿ ಎಸೆಯಿರಿ.

ಬಕಲ್, ಹೊಲಿಗೆ, ಒಳಬಟ್ಟೆಗೆ ಮಾಸ್ಕಿಂಗ್ ಟೇಪ್ ಅಂಟಿಸಿ. ಹತ್ತಿಗೆ ಅಸಿಟೋನ್ ತಾಗಿಸಿ ಹಗುರಾಗಿ ಒರೆಸಿ, ಹೊಳಪು ಹೋಗಿ ಮಂಕಾದರೆ ಸಾಕು. ಉಜ್ಜಿ ಉಜ್ಜಿ ಚರ್ಮ ಒರಟಾಗಿಸಬೇಡಿ. ಒಂದು ಗಂಟೆ ಬಿಟ್ಟು, ಮುಚ್ಚಳದ ಒಳಬದಿಯಲ್ಲಿ ಬಣ್ಣ ಪರೀಕ್ಷಿಸಿ, ಪೂರ್ತಿ ಒಣಗಿದ ಮೇಲೆ ಹಗಲು ಬೆಳಕಿನಲ್ಲಿ ನೋಡಿ. ಒದ್ದೆ ಬಣ್ಣ ನಂಬಬೇಡಿ.

ಮೊದಲ ಪದರ ತೆಳುವಾಗಿರಲಿ. ಒಂದು ಭಾಗವನ್ನು ಹೊಲಿಗೆಯಿಂದ ಹೊಲಿಗೆಗೆ ನಿಲ್ಲಿಸದೆ ಮುಗಿಸಿ. ಎರಡನೆಯದು ಅಡ್ಡ ದಿಕ್ಕಿನಲ್ಲಿ. ಗಾಢ ಕಡಿಮೆ ಅನ್ನಿಸಿದರೆ ಮೂರನೆಯದು, ದಪ್ಪ ಪದರ ಮಾತ್ರ ಬೇಡ. ದಪ್ಪ ಪೇಂಟ್ ಮಡಚುವ ಕಡೆ ಒಡೆಯುತ್ತದೆ. 24 ಗಂಟೆ ಬಿಟ್ಟು ಒಣ ಬಟ್ಟೆಯಲ್ಲಿ ಉಜ್ಜಿ. ಇದು ಎಲ್ಲಕ್ಕಿಂತ ಬೇಸರದ ಕೆಲಸ, ಎಲ್ಲಕ್ಕಿಂತ ಮುಖ್ಯವೂ ಹೌದು. ಬಟ್ಟೆಗೆ ಬಣ್ಣ ಬರುವುದು ನಿಲ್ಲುವವರೆಗೆ ಬಟ್ಟೆ ಬದಲಿಸುತ್ತ ಉಜ್ಜಬೇಕು. ಸ್ಪಿರಿಟ್ ಡೈ ಚರ್ಮವನ್ನು ಒಣಗಿಸುತ್ತದೆ, ಹಾಗಾಗಿ ತೆಳು ಕ್ರೀಮ್ ಕೊಟ್ಟು ಒಂದು ದಿನ ಬಿಡಿ. ಕೊನೆಗೆ ಅಕ್ರಿಲಿಕ್ ಫಿನಿಶ್‌ಗೆ ಅಷ್ಟೇ ನೀರು ಬೆರೆಸಿ, ಮೆತ್ತನೆ ಸ್ಪಂಜಿನಲ್ಲಿ ಎರಡು ತೆಳು ಪದರ.

ಅಪರೂಪದ ಬ್ಯಾಗು, ಮಾರುವ ಯೋಚನೆ ಇರುವ ಬ್ರ್ಯಾಂಡಿನ ಬ್ಯಾಗು, ಎರಡು ಬಣ್ಣದ ಚರ್ಮ ಹೊಲಿದ ಬ್ಯಾಗು ಇವನ್ನು ಮನೆಯಲ್ಲಿ ಬಣ್ಣ ಮಾಡಬೇಡಿ. ಅನುಭವ ಇರುವವರಿಗೆ ಕೊಡುವಾಗಲೂ ಮೂರು ಪ್ರಶ್ನೆ ಕೇಳಿ: ಡೈ ಹಾಕುತ್ತೀರಾ, ಪೇಂಟಾ? ಹಳೆ ಲೇಪ ತೆಗೆಯುತ್ತೀರಾ? ಮೇಲೆ ಏನು ಫಿನಿಶ್ ಕೊಡುತ್ತೀರಿ? ಸ್ಪ್ರೇ ಹೊಡೆದು ಸಂಜೆಗೆ ಕೊಡ್ತೀವಿ ಅಂದರೆ ಬ್ಯಾಗು ಎತ್ತಿಕೊಂಡು ಬನ್ನಿ. ಹಾವಿನ ಚರ್ಮದ ಹಳೆ ಪರ್ಸ್ ಮನೆಯಲ್ಲಿ ಸಿಕ್ಕರೆ ಅದನ್ನು ಮಾರುವ, ಕೊಳ್ಳುವ ಮುಂಚೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನೆನಪಿರಲಿ, ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

ಬಣ್ಣ ಮಾಡಿದ ಬ್ಯಾಗನ್ನು ಎರಡು ದಿನ ತೂಗು ಹಾಕಿಡಿ. ಆಮೇಲೆ ಒಂದು ಬಿಳಿ ಕರ್ಚೀಫನ್ನು ಸ್ವಲ್ಪ ಒದ್ದೆ ಮಾಡಿ, ಸೊಂಟಕ್ಕೆ ತಾಗುವ ಬದಿಯ ಮೇಲೆ ಹತ್ತು ಸಲ ಉಜ್ಜಿ. ಕರ್ಚೀಫು ಬಿಳಿಯಾಗೇ ಇದ್ದರೆ ಮದುವೆಯ ರೇಷ್ಮೆ ಸೀರೆಯ ಜೊತೆಗೂ ಹಿಡಿದುಕೊಂಡು ಹೋಗಬಹುದು. ಸ್ವಲ್ಪ ಬಣ್ಣ ಬಂದರೆ ಮತ್ತೆ ಉಜ್ಜಿ, ಇನ್ನೊಂದು ತೆಳು ಪದರ ಫಿನಿಶ್ ಕೊಡಿ.